ಹಸಿರು ಬಳೆ ಇಳಿಯದ ಕೈ

"ಅಕ್ಕಾ, ಟ್ಯೂಬ್‌ಲೈಟ್ ಯಾಕ ಮಿಣಮಿಣ ಅನ್ನಾಕತ್ತೈತಿ?" ರೊಟ್ಟಿ ತಟ್ಟುತ್ತಿದ್ದ ತಂಗಿ ಗೌರವ್ವ ಕೇಳಿದಳು.

ಟ್ಯೂಬ್‌ಲೈಟ್ ಸರಿಯಾಗಿಯೇ ಉರಿಯುತ್ತಿತ್ತು.

ಅವಳು ಎಂಟು ತಿಂಗಳ ಬಸುರಿ. ಬೆಳಗಿನಿಂದ ತಲೆನೋವು. ಕಾಲು ಬಾತಿದ್ದವು, ಮುಖ ಊದಿತ್ತು. ಕುರ್ಲಾದ ನಮ್ಮ ಚಾಳಿನ ಹೆಂಗಸರು "ಮೈ ತುಂಬ್ಯಾಳ" ಎಂದು ದೃಷ್ಟಿ ತೆಗೆದಿದ್ದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ವಿಜಯಪುರದ ಹತ್ತಿರದ ಹಳ್ಳಿಯಲ್ಲಿ ಅವ್ವ ಸೂಲಗಿತ್ತಿಗೆ ಹೇಳಿಟ್ಟಿದ್ದಳು. ಮರುದಿನ ಊರಿಗೆ ರೈಲುಗಾಡಿ. ಬ್ಯಾಗು ತುಂಬಿಯಾಗಿತ್ತು.

ನಾನು ಹಟಮಾರಿ. ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. "ಗಾಂವ್ ನಹೀ ಜಾನಾ. ಅಭೀ ಅಡ್ಮಿಟ್." ಊರಿಗೆ ಹೋಗುವಂತಿಲ್ಲ, ಬಿಪಿ ಬಹಳ ಏರಿದೆ, ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರೂ ಉಳಿಯಲಿಕ್ಕಿಲ್ಲ, ಇವತ್ತೇ ಸಿಸೇರಿಯನ್ ಆಗಬೇಕು ಎಂದರು.



ಸಿಸ್ಟರ್ ಬಂದು ಆಪರೇಷನ್ನಿಗೆ ಮೊದಲು ಬಳೆ ತೆಗೆಯಲು ಹೇಳಿದಳು. ಗೌರವ್ವ ಎರಡೂ ಕೈಯನ್ನು ಎದೆಗೆ ಅವುಚಿಕೊಂಡಳು. ಬಸುರಿಗೆ ಉಡಿ ತುಂಬುವ ಕುಬಸದ ದಿನ ಮುತ್ತೈದೆಯರು ತೊಡಿಸಿದ ಹಸಿರು ಬಳೆ. ಸಾಬೂನು ಹಚ್ಚಿದರೂ ಊದಿದ ಕೈಯಿಂದ ಒಂದೂ ಇಳಿಯಲಿಲ್ಲ. ಒಡೆಯಬೇಕು ಎಂದಳು ಸಿಸ್ಟರ್. ನಮ್ಮಲ್ಲಿ ಬಳೆ ಒಡೆಯುವುದು ಗಂಡ ಸತ್ತಾಗ.

"ಬ್ಯಾಡಕ್ಕಾ, ಅವರಿಗೆ ಏನರ ಆದೀತು. ಊರಿಗೆ ಹೋಗೂಣು. ಅಲ್ಲಿ ಯಾರೂ ಬಳಿ ತಗಿ ಅನ್ನಂಗಿಲ್ಲ."

ನನಗೆ ಸಿಟ್ಟು ಬಂತು, ಹೆದರಿಕೆಯೂ ಬಂತು. ಅವಳ ಗಂಡ ಮಲ್ಲಪ್ಪ ಘಾಟ್ಕೋಪರ್‌ನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ. ಫೋನು ಹಚ್ಚಿ ಅವಳ ಕಿವಿಗೆ ಹಿಡಿದೆ. ಅವನ ದನಿ ನನಗೂ ಕೇಳಿಸಿತು.

"ಹುಚ್ಚೀ, ನಾ ಗಟ್ಟಿಮುಟ್ಟ ಅದೀನಿ. ಒಡೀಲಿ ಬಿಡು. ನೀನ ಇಲ್ಲಂದ್ರ ಆ ಬಳಿ ತಗೊಂಡು ನಾ ಏನ್ ಮಾಡ್ಲಿ?"

ಗೌರವ್ವ ಕಣ್ಣು ಮುಚ್ಚಿ ಕೈ ಚಾಚಿದಳು. ಸಿಸ್ಟರ್ ಬಳೆಯ ಕೆಳಗೆ ಬಟ್ಟೆ ಸೇರಿಸಿ ಒಂದೊಂದಾಗಿ ಒಡೆದಳು.

ಥಿಯೇಟರ್ ಬಾಗಿಲು ಮುಚ್ಚಿತು. ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ, ಆಮೇಲೆ ಅವರನ್ನೇ ಬೈದೆ. ನಾಳೆಯ ಗಾಡಿ ಹತ್ತಿ ಅಲ್ಲಿ ಫಿಟ್ಸ್ ಬಂದಿದ್ದರೆ? ಸೊಲ್ಲಾಪುರದ ಆಚೆ, ಯಾವುದೋ ಬಯಲಿನಲ್ಲಿ? ಆ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಹೆಣ್ಣು ಕೂಸು. ಮೊದಲು ಅಳಲಿಲ್ಲ.

ಆಮೇಲೆ ಅತ್ತಳು.

ಗೌರವ್ವ ಐಸಿಯುವಿನಿಂದ ವಾರ್ಡಿಗೆ ಬಂದ ಮೇಲೆ ಸ್ಟೇಷನ್ ಹೊರಗಿನ ಅಂಗಡಿಯಿಂದ ಅದೇ ಅಳತೆಯ ಹಸಿರು ಬಳೆ ತಂದೆ. ಸರಕ್ಕನೆ ಏರಿದವು. ಬಾವು ಇಳಿದಿತ್ತು. ಮಲ್ಲಪ್ಪ ಆ ಕೈ ಹಿಡಿದು ಅತ್ತ. ಬಿಪಿ ಮಾತ್ರೆ ಇನ್ನೂ ನಡೆದಿದೆ, ಕೂಸು ಇನ್ನೂ ಸಣ್ಣದಿದೆ. ನಾನು ಈಗಲೂ ಎದ್ದೆದ್ದು ಇಬ್ಬರ ಉಸಿರು ನೋಡುತ್ತೇನೆ.

ಮೊನ್ನೆ ಊರಿನಿಂದ ಮಾವನ ಮಗಳ ಫೋನು. ಅವಳೀಗ ಬಸುರಿ. ದವಾಖಾನೆಗೆ ಹೋದರೆ ಬಳೆ ಒಡೆಯುತ್ತಾರಂತೆ, ಮನೆಯಲ್ಲೇ ಹಡೆಯುತ್ತೇನೆ ಎಂದಳು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗೌರವ್ವ ಫೋನು ಕಸಿದುಕೊಂಡಳು.

"ನನ್ನವೂ ಒಡದ್ರವ್ವಾ. ನಾ ಅದೀನಿ. ಅವರೂ ಅದಾರ. ಇಲ್ಲಿ ಕೇಳು" ಎಂದು ಫೋನನ್ನು ಅಳುತ್ತಿದ್ದ ಕೂಸಿನ ಬಾಯಿಯ ಹತ್ತಿರ ಹಿಡಿದಳು.