ಬೆಂಕಿ ನಿಮ್ಮ ವಿಷಯವಲ್ಲಮ್ಮ

ಬೆಂಗಳೂರಿನಲ್ಲಿ ನಾನು ಸಂಶೋಧನೆಗೆ ಸೇರಿದ ವಿಮಾನ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರತಿ ಪ್ರೊಫೆಸರರ ಬಾಗಿಲ ಮೇಲೂ ಹೆಸರಿನ ಕೆಳಗೆ ಅವರವರ ವಿಷಯ ಬರೆದಿತ್ತು. ಒಬ್ಬರದು ರೆಕ್ಕೆಯ ಮೇಲೆ ಗಾಳಿ ಹರಿಯುವ ಬಗೆ, ಒಬ್ಬರದು ಲೋಹದ ಬಿರುಕು, ಇನ್ನೊಬ್ಬರದು ಕಂಪನ. ಮೂಲೆ ಕೋಣೆಯವರದು ದಹನ, ಅಂದರೆ ಇಂಜಿನ್ನಿನೊಳಗೆ ಇಂಧನ ಉರಿಯುವ ಶಾಸ್ತ್ರ. ನಾನು ಹಳೇಬೀಡಿನಿಂದ ಹೊರಟದ್ದೇ ಆ ಮೂಲೆ ಕೋಣೆಗಾಗಿ.

ತೊಂಬತ್ತರ ದಶಕದ ಮಾತು. ಅಪ್ಪ ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ದಿನಾ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿ ಪಿಯುಸಿ ಓದಿದೆ, ಆಮೇಲೆ ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದೆ. ಪ್ರವೇಶ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಪಾಸಾಗಿ, ದಹನವೇ ಬೇಕೆಂದು ಕೇಳಿ, ಆ ಕೋಣೆಯ ಮುಂದೆ ನಿಂತೆ. ಪ್ರೊಫೆಸರರು ನನ್ನನ್ನು ಕೂರಿಸಿ, ಬಹಳ ಮೃದುವಾಗಿ ಹೇಳಿದರು.

“ಬೆಂಕಿ ನಿಮ್ಮ ವಿಷಯವಲ್ಲಮ್ಮ. ಅಲ್ಲಿ ಗ್ಯಾಸ್ ಸಿಲಿಂಡರು, ಶಾಖ, ಸದ್ದು. ಹೆಣ್ಣುಮಕ್ಕಳಿಗೆ ಯಾಕೆ ಅದೆಲ್ಲ? ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಮಾಡಿ. ಏಸಿ ಇದೆ, ತಣ್ಣಗಿರುತ್ತೆ.”

ನಮ್ಮಮ್ಮ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆಯ ಮುಂದೆ ಕಣ್ಣು ಸುಟ್ಟುಕೊಂಡಿದ್ದಾಳೆ. ಹೆಣ್ಣಿಗೆ ಬೆಂಕಿ ಯಾಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಸಂಬಳ, ಪದವಿ, ಹೆಸರು ಬರುವ ಬೆಂಕಿ ಬಂದಾಗ ಮಾತ್ರ ಇವರಿಗೆ ನಮ್ಮ ಕೈ ಸುಡುವ ಚಿಂತೆ! ಇದು ನನಗೆ ಅವತ್ತೇ ಹೊಳೆಯಿತು. ಆದರೂ ಅವರು ತೋರಿಸಿದ ಕಂಪ್ಯೂಟರಿನ ಮುಂದೆ ಹೋಗಿ ಕೂತೆ.

ಅವರು ಕೊಟ್ಟ ಸಮಸ್ಯೆ ಮಾತ್ರ ಚೆನ್ನಾಗಿತ್ತು. ಉದ್ದನೆಯ ಕೊಳವೆಯೊಳಗೆ ಉರಿಯುವ ಜ್ವಾಲೆ, ಗಾಳಿಯ ವೇಗ ಒಂದು ಹದಕ್ಕೆ ಬಂದಾಗ, ಇದ್ದಕ್ಕಿದ್ದಂತೆ ಮೊರೆಯತೊಡಗುತ್ತದೆ. ಕೊಳವೆ ಗಡಗಡ ನಡುಗುತ್ತದೆ. ನಿಜವಾದ ಇಂಜಿನ್ನಿನಲ್ಲಿ ಹಾಗಾದರೆ ಇಂಜಿನ್ನೇ ಒಡೆದುಹೋದೀತು. ಯಾವ ಹದದಲ್ಲಿ ಮೊರೆತ ಶುರುವಾಗುತ್ತದೆಂದು ಲೆಕ್ಕ ಹಾಕಿ ಮೊದಲೇ ಹೇಳಬೇಕು, ಅದು ನನ್ನ ಕೆಲಸ. ಕೊಳವೆ ಇದ್ದದ್ದು ಕಟ್ಟಡದ ಹಿಂದಿನ ಶೆಡ್ಡಿನಲ್ಲಿ. ಪ್ರಯೋಗ ಮಾಡುವವರು ಹುಡುಗರು. ನಾನು ಮುಚ್ಚಿದ ಬಾಗಿಲ ಹೊರಗೆ ನಿಂತು ಸದ್ದು ಕೇಳಬೇಕು. ನನ್ನ ಲೆಕ್ಕ ಸರಿಯೋ ತಪ್ಪೋ ಎಂಬುದು ನನಗೆ ತಿಳಿಯುತ್ತಿದ್ದದ್ದು ಗೋಡೆಯಾಚೆಯಿಂದ. ಎರಡು ವರ್ಷ ಹೀಗೆ ಕಳೆದ ಮೇಲೆ ಲೆಕ್ಕ ಕೂಡಿಬಂತು. ನಾನು ಹೇಳಿದ ಹದದಲ್ಲೇ ಜ್ವಾಲೆ ಮೊರೆಯಿತು. ಪ್ರೊಫೆಸರರು ಅದನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿದರು. ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ಸಮ್ಮೇಳನ ಮುಗಿದ ಮಾರನೆಯ ದಿನ ಅತಿಥಿಗಳಿಗೆ ಬೇಲೂರು, ಹಳೇಬೀಡು ತೋರಿಸುವ ಪ್ರವಾಸ. “ನಿಮ್ಮೂರಲ್ವಾ, ನೀವೇ ಗೈಡು,” ಎಂದರು ಪ್ರೊಫೆಸರರು. “ಹಾಗೇ ನಿಮ್ಮ ಮನೇಲೇ ಊಟ ಆದ್ರೆ ಫಾರಿನ್ನಿನವರಿಗೆ ಒಂದು ಅನುಭವ.”

ಅಪ್ಪನ ಸಂಭ್ರಮ ಹೇಳತೀರದು. ಮಗಳ ಗುರುಗಳು ಮನೆಗೆ ಬರುತ್ತಾರೆ! ಬಾಗಿಲಿಗೆ ಬಣ್ಣ ಬಳಿಸಿದ್ದರು. ಬೆಳಿಗ್ಗೆ ಬೇಲೂರು ಮುಗಿಸಿ ನಾವು ಬಂದಾಗ ಪಡಸಾಲೆಯಲ್ಲಿ ಬಾಳೆಲೆ ಹಾಕಿತ್ತು. ಚಕ್ಕಳಮಕ್ಕಳ ಹಾಕಲಾಗದ ಪರದೇಶದವರಿಗೆ ಶಾಲೆಯಿಂದ ಬೆಂಚು ತರಿಸಿದ್ದರು. ಅಮ್ಮ ಒಳಗಿಂದ ಕೊಡುತ್ತಿದ್ದಳು, ನಾನು ಬಡಿಸುತ್ತಿದ್ದೆ.

ಅತಿಥಿಗಳಲ್ಲೊಬ್ಬರು, ನರೆತ ಗಡ್ಡದ ವಿದೇಶಿ ಪ್ರೊಫೆಸರು, ಕೋಸಂಬರಿ ತಿನ್ನುತ್ತಲೇ ಇಂಗ್ಲಿಷಿನಲ್ಲಿ ಕೇಳಿದರು. “ನಿನ್ನೆ ನೀವು ತೋರಿಸಿದ ಆ ಮೊರೆತದ ಲೆಕ್ಕ ಬಹಳ ಚೆನ್ನಾಗಿತ್ತು. ಯಾರು ಮಾಡಿದ್ದು?”

“ನನ್ನ ಗುಂಪು,” ಎಂದರು ನಮ್ಮ ಪ್ರೊಫೆಸರು. ಆಮೇಲೆ ನನ್ನತ್ತ ಕೈ ತೋರಿಸಿ, “ಟೈಪ್ ಮಾಡಿದ್ದು ಈ ಹುಡುಗಿ. ಟೈಪಿಂಗಿಗಿಂತ ಬಡಿಸೋದೇ ಚೆನ್ನಾಗಿ ಬರುತ್ತೆ ಅಂತ ಈಗ ಗೊತ್ತಾಯ್ತು,” ಎಂದು ನಕ್ಕರು. ಸಾಲಿನಲ್ಲಿ ಕೂತವರೆಲ್ಲ ನಕ್ಕರು.

ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಕೆಳಗಿಟ್ಟೆ.

“ಟೈಪ್ ಮಾಡಿದ್ದಲ್ಲ. ಮೊದಲಿನಿಂದ ಕೊನೆಯವರೆಗೆ ಆ ಲೆಕ್ಕ ನನ್ನದು. ಏನು ಕೇಳಬೇಕಿದ್ದರೂ ನನ್ನನ್ನು ಕೇಳಿ,” ಎಂದು ಇಂಗ್ಲಿಷಿನಲ್ಲೇ ಹೇಳಿದೆ.

ಗಡ್ಡದವರು ಊಟ ನಿಲ್ಲಿಸಿ ಕೇಳಿದರು. ಜ್ವಾಲೆಯ ಏರಿಳಿತವನ್ನು ಲೆಕ್ಕಕ್ಕೆ ಹೇಗೆ ತಂದೆ, ಕೊಳವೆಯ ತುದಿ ಮುಚ್ಚಿದರೆ ಏನಾಗುತ್ತದೆ, ಹೀಗೆ. ನಾನು ನಿಂತಲ್ಲೇ ಉತ್ತರ ಹೇಳಿದೆ. ಒಂದು ಪ್ರಶ್ನೆಗೆ, ಅದು ನನಗಿನ್ನೂ ಗೊತ್ತಿಲ್ಲ, ಕೊಳವೆಯ ಹತ್ತಿರ ಹೋಗಲು ನನ್ನನ್ನು ಬಿಡುವುದಿಲ್ಲ ಎಂದೆ. ನಮ್ಮ ಪ್ರೊಫೆಸರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು.

ಹೊರಡುವಾಗ ಅವರು ಅಪ್ಪನನ್ನು ಪಕ್ಕಕ್ಕೆ ಕರೆದು, ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. “ಮೇಷ್ಟ್ರೇ, ಮಗಳಿಗೆ ಬುದ್ಧಿ ಇದೆ, ವಿನಯ ಇಲ್ಲ. ಬೇಗ ಒಂದು ಗಂಡು ನೋಡಿ.”

ಅಪ್ಪ ಎರಡೂ ಕೈ ಜೋಡಿಸಿದರು. “ತಪ್ಪಾಯ್ತು ಸಾರ್. ಮನಸ್ಸಿಗೆ ಹಚ್ಕೋಬೇಡಿ.”

ಪ್ರೊಫೆಸರರ ಮಾತಿಗಿಂತ ಅಪ್ಪನ ಆ ಎರಡು ಕೈ ನನ್ನನ್ನು ಹೆಚ್ಚು ಸುಟ್ಟವು. ನಾನು ಅವರ ಬಸ್ಸು ಹತ್ತಲಿಲ್ಲ.

“ಯಾವ ತಪ್ಪಪ್ಪಾ? ಯಾರ ತಪ್ಪು?” ಎಂದು ಬಸ್ಸು ಮರೆಯಾದ ಕೂಡಲೇ ಕೇಳಿದೆ.

“ಗುರುಗಳು ಕಣೇ ಅವರು. ಅಷ್ಟು ಜನದ ಮುಂದೆ ಎದುರಾಡೋದಾ?”

“ಅಷ್ಟು ಜನದ ಮುಂದೆ ನನ್ನ ಕೆಲಸ ಕದಿಯಬಹುದಾ?”

ಅಪ್ಪ ಬೆಂಚುಗಳನ್ನು ಶಾಲೆಗೆ ಸಾಗಿಸಲು ಹೊರಟರು. ನಾನು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಬಂದಳು. ಅರಸೀಕೆರೆ ಬಸ್ಸು ಬಂತು. ನಾನು ಹತ್ತುವಾಗ ಹೇಳಿದಳು. “ನೀವು ಇಂಗ್ಲಿಷಲ್ಲಿ ಏನಂದ್ರೋ ನಂಗೊಂದೂ ತಿಳೀಲಿಲ್ಲ. ಆದ್ರೆ ನಿನ್ನ ತೋರಿಸಿ ಅವರು ನಕ್ಕಿದ್ದು ತಿಳೀತು. ಹೋಗು, ಬಿಡಬೇಡ.”

ಅರಸೀಕೆರೆಯಲ್ಲಿ ರೈಲು ಹಿಡಿದು ಬೆಂಗಳೂರು ಸೇರಿದೆ. ಆ ವಾರವೇ ಪ್ರೊಫೆಸರರು ನನ್ನನ್ನು ಕೈಬಿಟ್ಟರು. ಬೇರೆ ಮಾರ್ಗದರ್ಶಕರಿಗಾಗಿ ನಾನು ಒಂದೊಂದೇ ಬಾಗಿಲು ತಟ್ಟಿದೆ. ಗಾಳಿಯವರು, ಇದು ನನ್ನ ವಿಷಯವಲ್ಲ ಎಂದರು. ಬಿರುಕಿನವರು, ಸಹೋದ್ಯೋಗಿಯ ವಿದ್ಯಾರ್ಥಿನಿಯನ್ನು ಎಳೆದುಕೊಂಡರೆ ಚೆನ್ನಾಗಿರುವುದಿಲ್ಲ ಎಂದರು. ನಾನೇನು ಬೇಲಿ ಹಾರಿ ಬಂದ ದನವೇ? ವಿಷಯಕ್ಕೊಂದು ಬಾಗಿಲು ಮಾಡಿಕೊಂಡವರು ಒಬ್ಬರ ಹುಳುಕನ್ನು ಮುಚ್ಚುವಾಗ ಮಾತ್ರ ಒಂದೇ ಮನೆಯವರಾಗಿದ್ದರು.

ಕೊನೆಗೆ ಕಂಪನದ ಪ್ರೊಫೆಸರರು, ನಿವೃತ್ತಿಗೆ ಹತ್ತಿರವಾಗಿದ್ದ ಸಿಡುಕಿನ ಮನುಷ್ಯ, ಪೂರ್ತಿ ಕೇಳಿಸಿಕೊಂಡು ಹೇಳಿದರು. “ಬೆಂಕಿ ನನಗೆ ಗೊತ್ತಿಲ್ಲ. ನಡುಗೋದು ಗೊತ್ತು. ನಿನ್ನ ಕೊಳವೆ ನಡುಗುತ್ತಲ್ಲ, ಅಷ್ಟು ಸಾಕು. ಬೇರೆ ಕೊಳವೆ ಮಾಡಿಸ್ಕೋ. ಹಚ್ಚೋದು ನೀನೇ.”

ಹಚ್ಚಿದೆ. ಡಾಕ್ಟರೇಟು ತಡವಾಗಿಯಾದರೂ ಬಂತು. ಎರಡು ಸಾವಿರದ ಇಸವಿಯ ಆಚೆಗೆ ಬೇರೊಂದು ಕಾಲೇಜಿನಲ್ಲಿ ಅಧ್ಯಾಪಕಿಯಾದೆ. ನನ್ನ ಬಾಗಿಲ ಮೇಲೂ ದಹನ ಎಂದು ಬರೆದಿದೆ. ಕೋಪ ಇಳಿಯಿತೇ ಎಂದು ಕೇಳುವವರಿಗೆ, ಇಲ್ಲ ಎನ್ನುತ್ತೇನೆ.

ಅಪ್ಪ ಮಾತ್ರ ಬಂದುಹೋದವರಿಗೆಲ್ಲ ಅವತ್ತಿನ ಊಟದ ಕಥೆ ಹೇಳತೊಡಗಿದ್ದರು. “ನಮ್ಮ ಹುಡುಗಿ ಅಷ್ಟು ದೊಡ್ಡ ಮನುಷ್ಯನ ಎದುರು ನಿಂತು ಹೇಳೇಬಿಟ್ಲು ಕಣ್ರೀ!” ಎಂದು ತೊಡೆ ತಟ್ಟಿ. ಒಂದು ದಿನ ನೆಂಟರ ಮುಂದೆಯೇ ಕೇಳಿದೆ, “ಅಪ್ಪಾ, ಆಮೇಲೆ ನೀವೇನು ಮಾಡಿದ್ರಿ? ಅದನ್ನೂ ಹೇಳಿ.”

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಹೆದರಿದೆ ಕಣೇ,” ಎಂದರು. ನೆಂಟರಿಗೆ ಏನೂ ಅರ್ಥವಾಗಲಿಲ್ಲ. ನಾನು ಎದ್ದು ಒಳಗೆ ಹೋದೆ.