ಇಮಾಮಸಾಬನ ಕೊನೆಯ ಕಂತು

ಗಾದಿ ಹೊಲಿಯುವ ಇಮಾಮಸಾಬನ ಗಂಟಲಲ್ಲಿ ಗಜೇಂದ್ರಗಡದ ಅರ್ಧ ಊರು ವಾಸವಾಗಿತ್ತು. ಮನೆಮನೆಯ ಪಡಸಾಲೆಯಲ್ಲಿ ಕುಳಿತು ಹತ್ತಿ ಹಿಂಜುತ್ತ ಎಲ್ಲರ ಮಾತು ಕೇಳುತ್ತಿದ್ದ. ಸಂಜೆ ಚಹಾದಂಗಡಿಗೆ ಬಂದು, ಹುಬ್ಬಿಗೆ ಅಂಟಿದ ಹತ್ತಿಯನ್ನೂ ಒರೆಸಿಕೊಳ್ಳದೆ, ಅದನ್ನೆಲ್ಲ ಅವರವರ ಧ್ವನಿಯಲ್ಲೇ ಒಪ್ಪಿಸುತ್ತಿದ್ದ. ಸಾಹುಕಾರರ ಕೆಮ್ಮು, ಕಂಡಕ್ಟರನ ಮೂಗಿನ ರಾಗ, ಯಾವುದೂ ತಪ್ಪುತ್ತಿರಲಿಲ್ಲ. ನನ್ನದನ್ನು ಮಾತ್ರ ಮಾಡುತ್ತಿರಲಿಲ್ಲ.

"ಯಾಕೋ, ನಂದು ಬರೂದಿಲ್ಲೇನು?" ಎಂದರೆ, "ನಿಮ್ಮ ಕಡೆ ಸಾಲ ಐತ್ರೀ ಸಾಹೇಬ್ರ. ಅದು ತೀರಲಿ, ಆಮ್ಯಾಲ ನೋಡ್ರಿ" ಎನ್ನುತ್ತಿದ್ದ.

ನಾನು ಸೊಸೈಟಿಯ ಕ್ಲಾರ್ಕು. ಮನೆಗೆ ಸ್ಲ್ಯಾಬ್ ಹಾಕಿಸಲು ಅವನು ಮನೆಯ ಕಾಗದ ಒತ್ತೆಯಿಟ್ಟು ನಮ್ಮಲ್ಲಿ ಸಾಲ ತೆಗೆದಿದ್ದ. ಊರಿಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ. ಕೊನೆಯ ಕಂತು ತಂದು ನನ್ನ ಕೈಗಿಟ್ಟ. "ರಸೀದಿ, ಕಾಗದ ಕೂಡೇ ಕೊಡ್ತೇನಿ, ನಾಳೆ ಬಾ" ಎಂದೆ. ಹಣವನ್ನು ಪುಸ್ತಕಕ್ಕೆ ಏರಿಸದೆ ಜೇಬಿಗೆ ಹಾಕಿಕೊಂಡೆ. ಎರಡು ತಿಂಗಳು ಅಲೆಸಿ, ಕಾಗದ ಬೇಕಾದರೆ ಅಷ್ಟೇ ಮೊತ್ತವನ್ನು ನನಗೆ ಬೇರೆ ಕೊಡಬೇಕೆಂದೆ.

ಅವನು ಪೊಲೀಸರ ಬಳಿ ಹೋದ. ಮುಟ್ಟಿದವರ ಬೆರಳಿಗೆ ಅಂಟುವ ಪುಡಿಯನ್ನು ಅವರು ಸವರಿ ಕೊಟ್ಟ ನೋಟುಗಳನ್ನು ತಂದು ನನಗೆ ಕೊಟ್ಟ. ನಾನು ತೆಗೆದುಕೊಂಡ ಕೂಡಲೇ ಒಳನುಗ್ಗಿದವರು ನನ್ನ ಬೆರಳುಗಳನ್ನು ಗಾಜಿನ ಲೋಟದ ನೀರಿನಲ್ಲಿ ಅದ್ದಿಸಿದರು. ನೀರು ಗುಲಾಬಿಯಾಯಿತು.

ನನ್ನ ವಕೀಲರು ಕೋರ್ಟಿನಲ್ಲಿ, ಅದು ಲಂಚವಲ್ಲ, ಬಾಕಿ ಕಂತು ಎಂದು ವಾದಿಸಿದರು. ಪುಸ್ತಕದಲ್ಲಿ ಬಾಕಿ ಇತ್ತಲ್ಲ! ಅದು ನನ್ನದೇ ಕೈಬರಹ.

"ನೀ ಬಾಕೀದಾರ ಹೌದೋ ಅಲ್ಲೋ?" ಎಂದು ವಕೀಲರು ಕಟಕಟೆಯಲ್ಲಿದ್ದ ಇಮಾಮಸಾಬನನ್ನು ಕೇಳಿದರು.

"ಪೂರಾ ಕಟ್ಟೀನ್ರಿ."

"ರಸೀದಿ?"

"ಇವ್ರು ಕೊಡಲಿಲ್ರಿ."

"ಬಾಕಿ ಕಟ್ಟು ಅಂದಿದ್ದಕ್ಕ ನಿನಗ ಸಿಟ್ಟು. ಲಂಚ ಕೇಳಿದ್ದು ಖರೇನ ಆದ್ರ, ಏನಂತ ಕೇಳಿದ್ರು?"

ಇಮಾಮಸಾಬ ತಲೆ ಎತ್ತಿದ. "ಒಣಾ ಕೈಲೆ ಕಾಗದ ಹೊರಗ ಬರೂದಿಲ್ಲೋ ತಮ್ಮಾ."

ನನ್ನ ಧ್ವನಿ. ನನ್ನದೇ ಎಳೆತ, ಕೊನೆಯ ಆ ಸಣ್ಣ ನಗೆಯೂ ಸಹ. ಹೇಳಿಕೆ ಟೈಪು ಮಾಡುತ್ತಿದ್ದವನು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಸ್ವಾಮಿ, ಇಂವಾ ಊರ ಮಂದಿ ಧ್ವನಿ ಎಲ್ಲಾ ಮಾಡ್ತಾನ. ನಾಳೆ ನಿಮ್ಮದೂ ಮಾಡ್ಯಾನು" ಎಂದರು ವಕೀಲರು. ಜನ ನಕ್ಕರು. ಅವನ ಈ ವಿದ್ಯೆಯ ವಿಷಯ ವಕೀಲರಿಗೆ ಹೇಳಿಕೊಟ್ಟವನು ನಾನೇ.

ಪೊಲೀಸರು ಅವನ ಜೊತೆ ಕಳಿಸಿದ್ದ ಸಾಕ್ಷಿ, ಬಾಗಿಲಾಚೆ ನಿಂತಿದ್ದೆ, ಮಾತು ಕೇಳಲಿಲ್ಲ ಎಂದ. ಸಾಲ ಬಾಕಿ ಇದ್ದ ಮಾತ್ರಕ್ಕೆ ಮನುಷ್ಯನ ಮಾತು ಸುಳ್ಳಾಗುವುದಿಲ್ಲ ಎಂದೇ ನ್ಯಾಯಾಧೀಶರು ಬರೆದರು. ಆದರೆ ಲಂಚ ಕೇಳಿದ್ದಕ್ಕೆ ಬೇರೆ ಆಧಾರವಿಲ್ಲ, ಹಣ ಕಂತಿನದೂ ಇದ್ದೀತು ಎಂದು ಸಂಶಯದ ಲಾಭ ಕೊಟ್ಟು ನನ್ನನ್ನು ಬಿಟ್ಟರು.

ನಾನು ಕುರ್ಚಿಗೆ ಮರಳಿದ ವಾರದಲ್ಲೇ ಇಮಾಮಸಾಬ ಬಂದ. ಮತ್ತೊಮ್ಮೆ ಕೊನೆಯ ಕಂತನ್ನು ಮೇಜಿನ ಮೇಲಿಟ್ಟ.

"ಇಮಾಮಾ..."

"ಬಾಕೀದಾರ ಅಂತ ಕೋರ್ಟಿನ ತನಕ ಹೋತ್ರಿ ನನ್ನ ಹೆಸರು. ತಗೀರಿ ಪುಸ್ತಕ."

ಪಕ್ಕದಲ್ಲೇ ಚೇರ್ಮನ್ನರು ಕುಳಿತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ರಸೀದಿ ಬರೆದೆ. ಮನೆಯ ಕಾಗದ ಮಡಚಿಕೊಂಡು ಅವನು ಹೋದ. ಮುಂದೆ ಮನೆ ಮಾರಿ ನರಗುಂದಕ್ಕೆ ಹೋದನೆಂದು ಕೇಳಿದೆ.

ನಿವೃತ್ತನಾದ ಮೇಲೆ, ಅಂದು ಜೇಬಿಗೆ ಹಾಕಿಕೊಂಡಿದ್ದ ಕಂತಿನಷ್ಟು ಹಣ ಕಟ್ಟಿಕೊಂಡು ನರಗುಂದಕ್ಕೆ ಹೋದೆ. ಅವನು ತೀರಿಕೊಂಡು ವರ್ಷವಾಗಿತ್ತು. ಸೊಸೈಟಿಯವನು ಎಂದದ್ದೇ ತಡ, ಅವನ ಹೆಂಡತಿ ಗಾಬರಿಯಿಂದ ಒಳಗೆ ಓಡಿ ರಸೀದಿ ತಂದಳು.

"ಎಲ್ಲಾ ಕಟ್ಟ್ಯಾರ್ರಿ. ನೋಡ್ರಿ, ಸಹಿ ಐತಿ."

"ನಾನ ಅವನಿಗೆ ಕೊಡೂದೈತವ್ವಾ" ಎಂದು ನೋಟು ಹಿಡಿದ ಕೈ ಮುಂದೆ ಮಾಡಿದೆ.

ಅವಳು ನೋಟಿನತ್ತ ನೋಡಲಿಲ್ಲ. ರಸೀದಿಯನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ. ಮತ್ತ ಕೋರ್ಟಿಗೆ ಎಳೀತೀರಿ."