ಗದರಕ್ಕನ ಸ್ಕ್ಯಾನ್ ಕೋಣೆಗೆ ಬಂದ ಕೂಸು

ಆಸ್ಪತ್ರೆಯ ಗದರಕ್ಕನಿಗೆ ಹೆದರದವರು ಯಾರಿದ್ದಾರೆ ಹೇಳಿ! ಇಪ್ಪತ್ತೆರಡು ವರ್ಷದಿಂದ ಎಂಆರ್‌ಐ ಯಂತ್ರ ನಡೆಸುವ ಈ ಪುಣ್ಯಾತ್ಗಿತ್ತಿ, "ಉಂಗುರ ತೆಗೀರಿ ಅಂದ್ನಲ್ಲ, ಕಿವಿ ಕೇಳಲ್ವಾ?" ಅಂತ ದೊಡ್ಡ ಡಾಕ್ಟರನ್ನೇ ಗದರಿದವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಅದು ಅವಳ ಹತ್ತಿರ ಒಂದು ವಾರ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಅವತ್ತು ಬೆಳಿಗ್ಗೆ ಹೆರಿಗೆ ವಾರ್ಡಿನಿಂದ ಬಂದದ್ದು ಹೊಟ್ಟೆಯಲ್ಲೇ ತೀರಿಹೋಗಿದ್ದ ಹೆಣ್ಣು ಕೂಸು. ಕಾರಣ ತಿಳಿಯಬೇಕೆಂದರೆ ಕೊಯ್ದು ನೋಡುವುದು ವಾಡಿಕೆ. "ನನ್ನ ಮಗೂಗೆ ಚಾಕು ಮುಟ್ಟಿಸ್ಬೇಡಿ" ಅಂತ ತಾಯಿ ಹಟ ಹಿಡಿದಳು. ಹಾಗಾದರೆ ಸ್ಕ್ಯಾನ್ ಮಾಡೋಣ, ಆದರೆ ಎಲ್ಲವೂ ಗೊತ್ತಾಗುತ್ತೆ ಅಂತ ಮಾತು ಕೊಡಲಾರೆ ಎಂದರು ಸ್ಕ್ಯಾನ್ ಡಾಕ್ಟರು. ತಾಯಿಗೆ ಗೊತ್ತಾಗಬೇಕಿದ್ದದ್ದು ಒಂದೇ. ವಾರದ ಹಿಂದೆ ಕಿಟಕಿಯ ಪರದೆ ಬಿಚ್ಚಲು ಸ್ಟೂಲು ಹತ್ತಿ ಜಾರಿ ಬಿದ್ದಿದ್ದಳು. "ಬೇಡ ಬೇಡ ಅಂತ ಬಡ್ಕೊಂಡೆ" ಅಂತ ಅತ್ತೆ, ಕೂಸು ಹೋದ ಸುದ್ದಿ ಕೇಳಿ ಅಂದುಬಿಟ್ಟಿದ್ದರು. ನಾನೇ ಕೊಂದೆನಾ?

ಗದರಕ್ಕ ಕೂಸನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ತಲೆಯ ಎರಡೂ ಪಕ್ಕ ಪುಟ್ಟ ದಿಂಬು ಒತ್ತಿಟ್ಟು ಮಲಗಿಸಿದಳು. ಬಾಗಿಲು ಹಾಕಿ ಗಾಜಿನ ಈಚೆ ಬಂದು ಕೂತಳು. ಕೈ ತಾನಾಗಿಯೇ ಮೈಕಿನ ಗುಂಡಿ ಒತ್ತಿತು. "ಅಲ್ಲಾಡಬಾರ್ದು ಪುಟ್ಟಿ. ಸದ್ದಾಗುತ್ತೆ, ಹೆದರ್ಬೇಡ. ನಾನು ಇಲ್ಲೇ ಇದ್ದೀನಿ."

ಅಯ್ಯೋ, ಎಂಥ ಹಾಳು ಅಭ್ಯಾಸ! ನಾಲಿಗೆ ಕಚ್ಚಿಕೊಂಡು ತಿರುಗಿದರೆ, ಹಿಂದೆ ಗಾಲಿಕುರ್ಚಿಯಲ್ಲಿ ತಾಯಿ, ಕುರ್ಚಿ ಹಿಡಿದು ನಿಂತ ಅತ್ತೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು ಗದರಕ್ಕನಿಗೆ.

ತಾಯಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ, "ಇನ್ನೊಂದ್ಸಲ ಹೇಳಿ ಅಕ್ಕಾ. ಅವಳ ಜೊತೆ ಯಾರೂ ಮಾತೇ ಆಡಿಲ್ಲ" ಅಂದಳು.

ಮುಂದಿನ ಮುಕ್ಕಾಲು ಗಂಟೆ, ಯಂತ್ರ ಸದ್ದು ಬದಲಿಸಿದಾಗಲೆಲ್ಲ ಗದರಕ್ಕ ಮೈಕಿನಲ್ಲಿ ಅದೇ ಮಾತು ಹೇಳಿದಳು. ಅಷ್ಟರಲ್ಲಿ ಹೃದಯದ ಚಿತ್ರ ಮೂಡಿತು, ಅವಳಿಗೆ ಅರ್ಥವೂ ಆಯಿತು. ಆದರೆ ಚಿತ್ರ ತೆಗೆಯುವವಳು ಅರ್ಥ ಹೇಳುವ ಹಾಗಿಲ್ಲ. ಫೋನೆತ್ತಿ ಡಾಕ್ಟರನ್ನೇ ಗದರಿದಳು: "ವರದಿ ನಾಳೆ ಬರ್ಕೊಳ್ಳಿ ಸಾರ್, ಈಗ ಬಂದು ಬಾಯಲ್ಲಿ ಹೇಳಿ. ಇಲ್ಲೊಂದು ಜೀವ ಬೇಯ್ತಾ ಇದೆ."

ಡಾಕ್ಟರು ಬಂದರು. ಚಿತ್ರಗಳನ್ನು ಒಂದೊಂದಾಗಿ ನೋಡಿ, ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕೂತರು. "ಹೃದಯ ಸರಿಯಾಗಿ ರೂಪುಗೊಂಡೇ ಇಲ್ಲಮ್ಮ. ಅದು ಸೋತು ಮೈಯೆಲ್ಲ ನೀರು ತುಂಬಿದೆ. ಇದು ಶುರುವಿನ ತಿಂಗಳಲ್ಲೇ ಆದದ್ದು. ಎಲ್ಲೂ ಏಟಿನ ಗುರುತಿಲ್ಲ. ನೀವು ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅತ್ತೆ ಅಲ್ಲೇ ಕುಸಿದು ಸೊಸೆಯ ಕಾಲು ತಬ್ಬಿದರು. "ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ತಪ್ಪಾಯ್ತು ಕಣೇ ಮಗಳೇ."

ಹೆತ್ತಾಗಿನಿಂದ ಕೂಸನ್ನು ಮುಟ್ಟುವ ಧೈರ್ಯವೂ ಇಲ್ಲದೆ ಕೂತಿದ್ದ ತಾಯಿ ಎರಡೂ ಕೈ ಚಾಚಿದಳು.

"ಕೊಡಿ ಅಕ್ಕಾ, ನನ್ನ ಮಗಳನ್ನ ಎತ್ಕೋತೀನಿ."